ಕಲಿತದ್ದನ್ನು ಮೊಲ ಕೈಬಿಟ್ಟರೆ: ತೊಂದರೆ ಎಲ್ಲಿದೆ ಎಂದು ಹುಡುಕುವ ಬಗೆ

“ಎಷ್ಟು ಕಲಿಸಿದರೂ ಅಷ್ಟೇ, ಬಲು ಹಟಮಾರಿ ಮೊಲ” ಎಂಬ ದೂರನ್ನು ಮೊಲ ಸಾಕುವವರ ಬಾಯಲ್ಲಿ ಬಹಳ ಸಲ ಕೇಳಿದ್ದೇನೆ. ವರ್ಷಗಳಿಂದ ಮೊಲಗಳ ಜೊತೆ ಬದುಕುತ್ತಿರುವ ನನಗೆ ಬರೀ ಹಟದಿಂದ ಕೆಟ್ಟ ತರಬೇತಿ ಕಂಡದ್ದು ತೀರ ಕಡಿಮೆ. ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಹಿಂಗಾಲಿನ ನೋವು, ಪ್ರಾಯಕ್ಕೆ ಬಂದ ಮೈಯ ಒತ್ತಡ, ಜಾರುವ ನೆಲ, ಉಚ್ಚೆ, ಹಿಕ್ಕೆಗೆಂದು ತಪ್ಪು ಮೂಲೆಯಲ್ಲಿಟ್ಟ ಟ್ರೇ. ಮೊಲ ಬೇಟೆಗೆ ಗುರಿಯಾಗುವ ಪ್ರಾಣಿ; ನೋವಾದರೆ ಕೂಗುವುದಿಲ್ಲ, ಬಚ್ಚಿಡುತ್ತದೆ. ಬಚ್ಚಿಟ್ಟ ನೋವು ಮೊದಲು ಹೊರಬೀಳುವುದು ನಡವಳಿಕೆಯಲ್ಲಿ. ಆದ್ದರಿಂದ ಅದು ಕಲಿತ ಅಭ್ಯಾಸವನ್ನು ಬಿಟ್ಟಾಗ ಗದರುವುದನ್ನು ಬದಿಗಿಟ್ಟು, ಏನು ಬದಲಾಯಿತು ಎಂದು ನೋಡಬೇಕು.

ಕಣ್ಣಿಗೆ ಬೀಳುವ ಲಕ್ಷಣಗಳನ್ನು ಹಿಡಿದು ಇದನ್ನು ಬರೆದಿದ್ದೇನೆ. ಪ್ರತಿ ಲಕ್ಷಣದಲ್ಲೂ ಖರ್ಚಿಲ್ಲದೆ ಈಗಲೇ ನೋಡಬಹುದಾದದ್ದು ಮೊದಲು ಬರುತ್ತದೆ. ವೈದ್ಯರ ಪರೀಕ್ಷೆ ಬೇಕಾಗುವುದು ಕೊನೆಗೆ.

ಎಲ್ಲಕ್ಕೂ ಮುಂಚೆ: ತಿಂದಿದೆಯೇ, ಹಿಕ್ಕೆ ಹಾಕಿದೆಯೇ?

ಯಾವ ತೊಂದರೆಯೇ ಇರಲಿ, ಮೊದಲು ಟ್ರೇ ಮತ್ತು ಹುಲ್ಲಿನ ಬುಟ್ಟಿ ನೋಡಿ. ಆರೋಗ್ಯವಾಗಿರುವ ಮೊಲ ದಿನಕ್ಕೆ ಸುಮಾರು 200ರಿಂದ 300 ಗಟ್ಟಿ ಹಿಕ್ಕೆ ಹಾಕುತ್ತದೆ. ಅವು ಗುಂಡಗೆ, ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿರುತ್ತವೆ. ಬೆರಳಿನಲ್ಲಿ ಹಿಸುಕಿದರೆ ಹುಲ್ಲಿನ ಪುಡಿಯಾಗಿ ಒಡೆಯುತ್ತವೆ. ಹಿಕ್ಕೆ ಸಣ್ಣದಾಗುತ್ತ ಬಂದರೆ, ಆಕಾರ ಕೆಟ್ಟರೆ, ಕೂದಲಿನಿಂದ ಪೋಣಿಸಿದಂತೆ ಒಂದಕ್ಕೊಂದು ಜೋತುಬಿದ್ದಿದ್ದರೆ ಕರುಳು ನಿಧಾನವಾಗುತ್ತಿದೆ ಎಂದು ತಿಳಿಯಬೇಕು.

ಈ ಕೆಳಗಿನ ಯಾವುದಾದರೂ ಒಂದು ಕಂಡರೂ ತರಬೇತಿಯ ಮಾತು ಅಲ್ಲಿಗೆ ಬಿಟ್ಟು, ಮುಂದೆ ಓದುವುದನ್ನೂ ನಿಲ್ಲಿಸಿ, ಪಶುವೈದ್ಯರ ಬಳಿ ಹೊರಡಿ:

- 10–12 ಗಂಟೆಗಳಿಂದ ಏನೂ ತಿಂದಿಲ್ಲ, ಅಥವಾ ಹಿಕ್ಕೆ ಹಾಕಿಲ್ಲ
- ಮೈ ಮುದುಡಿ, ಹೊಟ್ಟೆಯನ್ನು ನೆಲಕ್ಕೆ ಒತ್ತಿ ಕೂತು ಜೋರಾಗಿ ಹಲ್ಲು ಕಡಿಯುತ್ತಿದೆ. ಹೊಟ್ಟೆ ತಮಟೆಯಂತೆ ಬಿಗಿದಿದೆ
- ಬಾಯಿ ತೆರೆದು ಉಸಿರಾಡುತ್ತಿದೆ (ಮೊಲ ಸಹಜವಾಗಿ ಮೂಗಿನಿಂದಷ್ಟೇ ಉಸಿರಾಡುವ ಪ್ರಾಣಿ)
- ಕತ್ತು ಒಂದು ಬದಿಗೆ ವಾಲಿದೆ, ಅಥವಾ ಹಿಂಗಾಲು ಎಳೆಯುತ್ತಿದೆ
- ಉಚ್ಚೆಗೆ ತಿಣುಕುತ್ತಿದೆ, ಬರುತ್ತಿಲ್ಲ
- ಹಿಂಭಾಗದಲ್ಲಿ ನೊಣದ ಮೊಟ್ಟೆ ಅಥವಾ ಹುಳು ಕಾಣುತ್ತಿದೆ

ಮೊಲದ ಕರುಳು ನಿಲ್ಲದೆ ಕೆಲಸ ಮಾಡುವಂಥದ್ದು. ಅದು ಒಮ್ಮೆ ನಿಂತರೆ ನೋವಿನಿಂದ ಊಟ ಬಿಡುತ್ತದೆ, ಊಟ ಬಿಟ್ಟದ್ದರಿಂದ ಕರುಳು ಇನ್ನೂ ಮಂದವಾಗುತ್ತದೆ. “ನಾಳೆ ಬೆಳಗ್ಗೆ ನೋಡೋಣ” ಎಂದು ಕಾದು ಮೊಲ ಕಳೆದುಕೊಂಡವರನ್ನು ಬಲ್ಲೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಬಗೆಯ ಔಷಧವನ್ನು ಬಾಯಿಗೆ ಹಾಕಲೇಬೇಡಿ. ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ಮೊಲದ ಜೀವವನ್ನೇ ತೆಗೆಯಬಲ್ಲದು. ನಾಯಿಯ ಉಣ್ಣೆ, ಚಿಗಟಕ್ಕೆ ಹಚ್ಚುವ ಫಿಪ್ರೊನಿಲ್ ಕೂಡ ಮೊಲಕ್ಕೆ ವಿಷ.

ಮೊಲ ಚೆನ್ನಾಗಿ ತಿನ್ನುತ್ತ ಓಡಾಡಿಕೊಂಡಿದೆ ಎಂದಾದರೆ ಮುಂದೆ ಓದಿ.

ಟ್ರೇ ಬಿಟ್ಟು ಹೊರಗೆ ಮಾಡುತ್ತಿದೆ

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ತೊಂದರೆ ಇದು. ಆದರೆ ಇದು ಒಂದೇ ತೊಂದರೆಯಲ್ಲ. ನೆಲದ ಮೇಲೆ ಬಿದ್ದಿರುವುದು ಏನು, ಎಲ್ಲಿ, ಹೇಗೆ ಎಂದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಒಣ ಹಿಕ್ಕೆ ಅಲ್ಲಲ್ಲಿ ಚದುರಿದೆ, ಉಚ್ಚೆ ಮಾತ್ರ ಟ್ರೇಯಲ್ಲೇ ಇದೆ ಎಂದಾದರೆ ಗಾಬರಿ ಬೇಡ. ಅದು “ಈ ಜಾಗ ನನ್ನದು” ಎಂಬ ಗುರುತು. ಹೊಸ ಕೋಣೆಗೆ ಬಿಟ್ಟಾಗ, ಇನ್ನೊಂದು ಮೊಲ ಬಂದಾಗ, ಪೀಠೋಪಕರಣ ಸರಿಸಿದಾಗ ಇದು ಸಾಮಾನ್ಯ. ಗುಡಿಸಿ ಟ್ರೇಗೆ ಹಾಕುತ್ತಿದ್ದರೆ ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಓಡಾಡುವಾಗ ಉದುರುವ ನಾಲ್ಕು ಹಿಕ್ಕೆಗಳನ್ನು ಎಂದಿಗೂ ಪೂರ್ತಿ ನಿಲ್ಲಿಸಲಾಗದು, ನಿಲ್ಲಿಸಬೇಕಾದ ಅಗತ್ಯವೂ ಇಲ್ಲ.

ಒಂದೇ ಮೂಲೆಯಲ್ಲಿ ಮತ್ತೆ ಮತ್ತೆ ಉಚ್ಚೆಯ ಹೊಂಡ ಕಂಡರೆ, ಮೊಲ ತನ್ನ ಮೂಲೆಯನ್ನು ಆರಿಸಿಕೊಂಡಿದೆ. ನೀವು ಆರಿಸಿದ ಮೂಲೆ ಅದಕ್ಕೆ ಒಪ್ಪಿಗೆಯಾಗಿಲ್ಲ. ಟ್ರೇಯನ್ನು ಅಲ್ಲಿಗೇ ಒಯ್ಯಿರಿ. ಬೇಕಾದರೆ ಎರಡನೆಯದೊಂದನ್ನು ಇಡಿ. ಆಮೇಲೆ ಹುಲ್ಲು ಎಲ್ಲಿದೆ ನೋಡಿ. ಮೊಲ ಮೇಯುತ್ತ ಮೇಯುತ್ತಲೇ ಹಿಕ್ಕೆ ಹಾಕುವ ಪ್ರಾಣಿ. ಹುಲ್ಲಿನ ಬುಟ್ಟಿ ಕೋಣೆಯ ಆ ತುದಿಯಲ್ಲಿ, ಟ್ರೇ ಈ ತುದಿಯಲ್ಲಿ ಇದ್ದರೆ ಕಲಿಸುವ ಕೆಲಸವೆಲ್ಲ ವ್ಯರ್ಥ. ಟ್ರೇಯ ಒಂದು ಬದಿಗೆ ಒಣಹುಲ್ಲು ರಾಶಿ ಹಾಕಿ, ಟ್ರೇಯೊಳಗೆ ಕೂತರೆ ಮಾತ್ರ ಬಾಯಿಗೆ ಎಟುಕುವಂತೆ ಮಾಡಿ. ನನ್ನ ಅನುಭವದಲ್ಲಿ ಈ ಒಂದು ಬದಲಾವಣೆಗೆ ಸರಿಹೋದಷ್ಟು ಮೊಲಗಳು ಬೇರೆ ಯಾವ ಉಪಾಯಕ್ಕೂ ಸರಿಹೋಗಿಲ್ಲ.

ಟ್ರೇಯ ಗಾತ್ರವನ್ನೂ ನೋಡಬೇಕು. ಮೂಲೆಗೆ ಕೂರುವ ಪುಟ್ಟ ತ್ರಿಕೋನದ ಟ್ರೇಗಳು ಮೊಲಕ್ಕೆಂದೇ ಮಾರಾಟವಾಗುತ್ತವೆ, ಆದರೆ ಬೆಳೆದ ಮೊಲ ಅದರಲ್ಲಿ ತಿರುಗಲಾರದು. ಹಿಂಭಾಗ ಅಂಚಿನಾಚೆ ಉಳಿದು ಉಚ್ಚೆ ನೆಲಕ್ಕೆ ಬೀಳುತ್ತದೆ. ಪಾಪ, ಅದು ಟ್ರೇಗೆ ಹೋಗಿಯೇ ಮಾಡಿರುತ್ತದೆ. ಒಳಗೆ ಮೈಚಾಚಿ ತಿರುಗುವಷ್ಟು ದೊಡ್ಡದಿರಲಿ. ತಳಕ್ಕೆ ಕಾಗದದಿಂದ ಮಾಡಿದ ಉಂಡೆ, ಇಲ್ಲವೇ ಹಳೆಯ ಪತ್ರಿಕೆಯ ಮೇಲೆ ಹುಲ್ಲು ಸಾಕು. ಬೆಕ್ಕಿಗೆ ಬಳಸುವ, ನೀರು ಬಿದ್ದರೆ ಗಟ್ಟಿಯಾಗುವ ಜೇಡಿಮಣ್ಣಿನ ಪುಡಿ ಬೇಡ. ಮೊಲ ತಿಂದರೆ ಕರುಳಿನಲ್ಲಿ ಕಟ್ಟಿಕೊಳ್ಳುತ್ತದೆ. ಘಮಘಮಿಸುವ ಪೈನ್, ಸೀಡರ್ ಮರದ ಹೊಟ್ಟೂ ಬೇಡ.

ಶುಚಿ ಮಾಡುವ ರೀತಿಯಲ್ಲೂ ತಪ್ಪಾಗುತ್ತದೆ. ಹೊಸದಾಗಿ ಕಲಿಯುವ ಮೊಲದ ಟ್ರೇಯನ್ನು ದಿನವೂ ತಿಕ್ಕಿ ತೊಳೆದರೆ ಅದರ ವಾಸನೆಯೇ ಉಳಿಯದು. ಉಚ್ಚೆ ಹೀರಿದ ಒಂದು ತುಂಡು ಕಾಗದ, ಒಂದು ಹಿಡಿ ಹಿಕ್ಕೆಯನ್ನು ಅದರಲ್ಲೇ ಬಿಡಿ. ಹೊರಗಿನ ನೆಲವನ್ನು ಮಾತ್ರ ಬಿಳಿ ವಿನಿಗರ್‌ನಿಂದ ಒರೆಸಿ. ಉಚ್ಚೆ ಒಣಗಿ ಉಳಿಸುವ ಸುಣ್ಣದಂಥ ಬಿಳಿ ಕಲೆಯೂ ಹೋಗುತ್ತದೆ, ವಾಸನೆಯೂ ಹೋಗುತ್ತದೆ. ಅಮೋನಿಯಾ ಇರುವ ದ್ರಾವಣ ಬಳಸಿದರೆ ಆ ಮೂಲೆಗೆ ನೀವೇ ಉಚ್ಚೆಯ ವಾಸನೆ ಹಚ್ಚಿದಂತೆ.

ಇಷ್ಟಾದರೂ ಸರಿಹೋಗದಿದ್ದರೆ ಜಾಗ ಹೆಚ್ಚಾಗಿದೆಯೇ ಎಂದು ಯೋಚಿಸಿ. ಮೊದಲ ವಾರದಲ್ಲೇ ಇಡೀ ಮನೆಗೆ ಬಿಟ್ಟ ಮೊಲಕ್ಕೆ ಟ್ರೇ ಎಲ್ಲಿದೆಯೆಂದು ನೆನಪಿರುವುದಿಲ್ಲ. ಮತ್ತೆ ಸಣ್ಣ ಆವರಣಕ್ಕೆ ತನ್ನಿ. ನಾಲ್ಕೈದು ದಿನ ಒಂದೂ ತಪ್ಪಾಗದಿದ್ದರೆ ಸ್ವಲ್ಪ ಜಾಗ ಬಿಟ್ಟುಕೊಡಿ, ಮತ್ತೆ ಕಾಯಿರಿ. ಮೂರು ತಿಂಗಳೊಳಗಿನ ಮರಿಯಾದರೆ ಇನ್ನೂ ತಾಳ್ಮೆ ಬೇಕು. ಅದಕ್ಕೆ ಉಚ್ಚೆ ತಡೆದುಕೊಳ್ಳುವ ಹಿಡಿತವೇ ಪೂರ್ತಿ ಬಂದಿರುವುದಿಲ್ಲ. ಹಾಸಿಗೆ, ಸೋಫಾ ಮೇಲೆ ಮಾತ್ರ ಮಾಡುವ ಮೊಲಗಳೂ ಇವೆ. ಮೆತ್ತಗಿರುವುದೇ ಅವಕ್ಕೆ ಆಹ್ವಾನ. ಕೆಲವು ವಾರ ಅತ್ತ ಹೋಗಲು ಬಿಡದಿರುವುದೇ ಮದ್ದು.

ಗೋಡೆಯ ಮೇಲೆ, ನಿಮ್ಮ ಕಾಲಿನ ಮೇಲೆ ಉಚ್ಚೆ ಚಿಮುಕಿಸುತ್ತಿದ್ದರೆ, ಸುತ್ತ ಗಿರಕಿ ಹೊಡೆಯುತ್ತ ಗುರುಗುಟ್ಟಿದರೆ, ಪಾದಕ್ಕೆ ಏರಿಬಂದರೆ ಅದು ಪ್ರಾಯದ ಕೆಲಸ. 4ರಿಂದ 6 ತಿಂಗಳ ನಡುವೆ ಮೊಲ ಬೆದೆಗೆ ಬರುತ್ತದೆ, ಸಣ್ಣ ತಳಿಗಳು ಇನ್ನೂ ಬೇಗ. ಅದುವರೆಗೆ ಕಲಿತದ್ದೆಲ್ಲ ಈ ದಿನಗಳಲ್ಲಿ ಕೊಚ್ಚಿಹೋದಂತೆ ಕಾಣುತ್ತದೆ. ಬೈದು ಫಲವಿಲ್ಲ, ಟ್ರೇ ಬದಲಿಸಿಯೂ ಫಲವಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯೇ ಇದಕ್ಕೆ ಪರಿಹಾರ. ಹೆಣ್ಣು ಮೊಲಕ್ಕಂತೂ ಅದು ಜೀವ ಉಳಿಸುವ ಮಾತು. ಶಸ್ತ್ರಚಿಕಿತ್ಸೆಯಾಗದ ಹೆಣ್ಣುಗಳಲ್ಲಿ ವಯಸ್ಸಾಗುತ್ತಿದ್ದಂತೆ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ಚಿಕಿತ್ಸೆಯಾದ ಮರುದಿನವೇ ಸ್ವಭಾವ ಬದಲಾಗುವುದಿಲ್ಲ, ಹಾರ್ಮೋನು ಇಳಿಯಲು ಕೆಲವು ವಾರ ಬೇಕು. ಗಂಡು ಮೊಲ 4–6 ವಾರಗಳವರೆಗೆ ಹೆಣ್ಣನ್ನು ಗರ್ಭಕಟ್ಟಿಸಬಲ್ಲದು, ಬೇರೆಯಾಗಿಡಿ.

ಇನ್ನು ಉಳಿದದ್ದು, ವರ್ಷಗಟ್ಟಲೆ ಸರಿಯಿದ್ದ ಮೊಲ ಇದ್ದಕ್ಕಿದ್ದಂತೆ ತಪ್ಪುವುದು. ಇದನ್ನು ನಾನು ಕಲಿತದ್ದು ನನ್ನ ಮೊಲ ಬೆಳ್ಳಿಯಿಂದ. ನಾಲ್ಕು ವರ್ಷ ಒಂದು ಹನಿಯೂ ಹೊರಗೆ ಬೀಳಿಸದಿದ್ದವಳು ಆರನೆಯ ವಯಸ್ಸಿನಲ್ಲಿ ಟ್ರೇಯ ಪಕ್ಕದಲ್ಲೇ ಒದ್ದೆ ಮಾಡತೊಡಗಿದಳು. ತಳದ ಕಾಗದ ಬದಲಿಸಿದೆ, ನೆಲ ತೊಳೆದೆ, ಟ್ರೇಯನ್ನು ಎರಡು ಸಲ ಜಾಗ ಬದಲಿಸಿದೆ. ಒಂದು ವಾರವಾದ ಮೇಲೆ ಬೆಳಗಿನ ಜಾವ ಎದ್ದು ನೆಲದ ಮೇಲೆ ಸುಮ್ಮನೆ ಕೂತು ನೋಡಿದೆ. ಬೆಳ್ಳಿ ನೇರ ಟ್ರೇಗೆ ಬಂದಳು. ಮುಂಗಾಲು ಎರಡನ್ನೂ ಅಂಚಿನ ಮೇಲಿಟ್ಟಳು. ಹಿಂಭಾಗ ಒಮ್ಮೆ ಕುಗ್ಗಿತು, ಜಿಗಿಯಲಿಲ್ಲ. ಕ್ಷಣ ಹೊತ್ತು ಹಾಗೇ ನಿಂತು, ಮುಂಗಾಲು ಕೆಳಗಿಳಿಸಿ, ಅಂಚಿಗೆ ಒತ್ತಿಕೊಂಡೇ ತಿರುಗಿ ಅಲ್ಲೇ ಹೊಯ್ದಳು. ಹೋಗಬೇಕಾದ ಜಾಗ ಅವಳಿಗೆ ಗೊತ್ತಿತ್ತು. ಏರಲಾಗುತ್ತಿರಲಿಲ್ಲ ಅಷ್ಟೆ. ಹಿಂಗಾಲಿನ ಹಿಮ್ಮಡಿ ತಿರುಗಿಸಿ ನೋಡಿದರೆ ಕೂದಲು ಸವೆದು ಚರ್ಮ ಕೆಂಪಾಗಿತ್ತು. ಸೊಂಟದ ಕೀಲೂ ಬಿಗಿದಿದೆ ಎಂದು ವೈದ್ಯರು ಹೇಳಿದರು. ಟ್ರೇಯ ಮುಂದಿನ ಅಂಚನ್ನು ಎರಡು ಬೆರಳಗಲ ಉಳಿಸಿ ಕತ್ತರಿಸಿ, ಚೂಪಾದ ಕಡೆಗೆ ಬಟ್ಟೆಯ ಪಟ್ಟಿ ಅಂಟಿಸಿದೆ. ಮರುದಿನ ಬೆಳಗ್ಗೆ ನೆಲ ಒಣಗಿತ್ತು.

ಹಾಗಾಗಿ ವಯಸ್ಸಾದ ಮೊಲ ತಪ್ಪಿದರೆ ಮೊದಲು ಅಂಚು ತಗ್ಗಿಸಿ, ಪಾದ ನೋಡಿ. ಹಿಂಭಾಗ ಸದಾ ಒದ್ದೆಯಾಗಿದ್ದರೆ, ನಡೆಯುವಾಗಲೂ ಹನಿ ಬೀಳುತ್ತಿದ್ದರೆ, ಸ್ವಲ್ಪ ಸ್ವಲ್ಪವೇ ಪದೇ ಪದೇ ಹೊಯ್ಯುತ್ತಿದ್ದರೆ ಅದು ಮೂತ್ರಕೋಶದ ತೊಂದರೆ. ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಮೊಲದ ಉಚ್ಚೆ ತಿಳಿ ಹಳದಿಯಿಂದ ಕಿತ್ತಳೆ, ಇಟ್ಟಿಗೆ ಕೆಂಪಿನವರೆಗೂ ಬದಲಾಗುತ್ತದೆ. ತಿಂದ ಸೊಪ್ಪಿನ ಬಣ್ಣವೇ ಅದಕ್ಕೆ ಕಾರಣವಿರಬಹುದು. ತುಸು ಕದಡಿದಂತಿರುವುದೂ ಸಹಜ, ಏಕೆಂದರೆ ಮೊಲ ಹೆಚ್ಚುವರಿ ಕ್ಯಾಲ್ಸಿಯಂ ಅನ್ನು ಉಚ್ಚೆಯಲ್ಲೇ ಹೊರಹಾಕುತ್ತದೆ. ಇಡೀ ಉಚ್ಚೆ ಒಂದೇ ಬಣ್ಣದಲ್ಲಿದ್ದರೆ ಒಂದೆರಡು ದಿನ ಕಾದು ನೋಡಬಹುದು. ನಡುವೆ ಕೆಂಪು ಎಳೆ, ಚುಕ್ಕೆ ಬೇರೆಯಾಗಿ ಕಂಡರೆ ರಕ್ತವೆಂದೇ ತಿಳಿಯಿರಿ. ಟೂತ್‌ಪೇಸ್ಟಿನಂತೆ ಮಂದವಾಗಿ ಬಂದರೂ ವೈದ್ಯರಿಗೆ ತೋರಿಸಬೇಕು. ಅದರ ಜೊತೆಗೆ ನೀರೆಷ್ಟು ಕುಡಿಯುತ್ತಿದೆ ಎಂದು ಅಳೆಯಿರಿ: ಬೆಳಗ್ಗೆ ಅಳೆದು ಬಟ್ಟಲಿಗೆ ಹಾಕಿ, ಮರುದಿನ ಉಳಿದದ್ದನ್ನು ಅಳೆದರೆ ಸಾಕು. ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 150 ಮಿಲಿಲೀಟರ್ ಸಾಮಾನ್ಯ. ಹಸಿ ಸೊಪ್ಪು ಹೆಚ್ಚು ತಿನ್ನುವ ಮೊಲ ಕಡಿಮೆ ಕುಡಿಯುತ್ತದೆ.

ಮೆತ್ತನೆಯ, ಅಂಟಂಟಾದ ಹಿಕ್ಕೆ ನೆಲದ ಮೇಲೆ

ಇದು ತರಬೇತಿಯ ತಪ್ಪೇ ಅಲ್ಲ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಗಟ್ಟಿಯಾದದ್ದು ಒಂದು, ದ್ರಾಕ್ಷಿ ಗೊಂಚಲಿನಂತೆ ಮಿರುಗುವ ಮೆತ್ತನೆಯದು ಇನ್ನೊಂದು. ಈ ಎರಡನೆಯದರಲ್ಲಿ ಜೀವಸತ್ವಗಳಿರುತ್ತವೆ, ಮೊಲ ಅದನ್ನು ಹಿಂಭಾಗದಿಂದಲೇ ನೇರವಾಗಿ ಬಾಯಿಗೆ ತೆಗೆದುಕೊಂಡು ತಿನ್ನುತ್ತದೆ. ಅದು ನೆಲದ ಮೇಲೆ ಉಳಿದಿದೆ ಎಂದರೆ ಒಂದೋ ಊಟ ಅತಿಯಾಗಿ ಪುಷ್ಟಿಯಾಗಿದೆ, ಇಲ್ಲವೇ ಮೈ ಬಗ್ಗಿಸಲು ಆಗುತ್ತಿಲ್ಲ. ಸಿದ್ಧ ಆಹಾರದ ಉಂಡೆ ಮತ್ತು ಹಣ್ಣು ಕಡಿಮೆ ಮಾಡಿ, ಒಣಹುಲ್ಲು ಹೆಚ್ಚಿಸಿ ಒಂದು ವಾರ ನೋಡಿ. ಊಟದಲ್ಲಿ ನೂರಕ್ಕೆ 80 ಪಾಲಾದರೂ ಹುಲ್ಲಿರಬೇಕು. ಬೊಜ್ಜು ಬಂದ ಮೊಲಕ್ಕೂ ಕೀಲುನೋವಿನ ಮೊಲಕ್ಕೂ ಬಾಯಿ ಅಲ್ಲಿಗೆ ಎಟುಕದು. ಆಕಾರವೇ ಇಲ್ಲದೆ ನೀರಾಗಿ ಭೇದಿಯಾದರೆ ವೈದ್ಯರು. ಮರಿಯಾದರೆ ಅದೇ ಗಂಟೆಯಲ್ಲಿ.

ಕೈ ಚಾಚಿದರೆ ಗುರುಗುಟ್ಟಿ ಮೇಲೆ ಬೀಳುತ್ತದೆ, ಕಚ್ಚುತ್ತದೆ

ಎಲ್ಲಿ ಕಚ್ಚುತ್ತದೆ ಎಂದು ಎರಡು ದಿನ ಗಮನಿಸಿ. ಗೂಡಿನೊಳಗೆ ಕೈ ಹಾಕಿದಾಗ ಮಾತ್ರ ಎಂದಾದರೆ ಅದು ತನ್ನ ಮನೆ ಕಾಯುತ್ತಿದೆ. ಬಾಗಿಲು ತೆರೆದು, ಅದು ತಾನಾಗಿ ಹೊರಬಂದ ಮೇಲೆ ಗೂಡು ಶುಚಿ ಮಾಡಿ, ಬಟ್ಟಲು ತುಂಬಿ. ಇದೊಂದೇ ಸಾಕಾಗುವುದುಂಟು.

ಹೊರಗೂ ಕಚ್ಚಿದರೆ ನಿಮ್ಮ ಕೈ ಎಲ್ಲಿಂದ ಬರುತ್ತಿದೆ ನೋಡಿ. ಮೊಲದ ಕಣ್ಣುಗಳು ತಲೆಯ ಎರಡು ಬದಿಗಿವೆ. ಸುತ್ತಲೂ, ಮೇಲೂ ಅದಕ್ಕೆ ಕಾಣುತ್ತದೆ, ಆದರೆ ಮೂತಿಯ ನೇರ ಮುಂದೆ ಮತ್ತು ಗದ್ದದ ಕೆಳಗೆ ಮಾತ್ರ ಕಾಣದು. ಮೂಸಿ ನೋಡಲಿ ಎಂದು ಪ್ರೀತಿಯಿಂದ ಮೂತಿಯ ಮುಂದೆ ಚಾಚಿದ ಬೆರಳು ಅದರ ಪಾಲಿಗೆ ಎಲ್ಲಿಂದಲೋ ಇದ್ದಕ್ಕಿದ್ದಂತೆ ಬಂದ ವಸ್ತು. ನೇರ ಮೇಲಿನಿಂದ ಇಳಿದ ಕೈ ಹದ್ದಿನ ನೆರಳು. ನೆಲದ ಮೇಲೆ ಕೂತು, ಪಕ್ಕದಿಂದ ನಿಧಾನವಾಗಿ ಕೈ ತಂದು, ಎರಡು ಕಣ್ಣುಗಳ ನಡುವಿನ ಹಣೆ ಸವರಿ. ಇನ್ನೊಂದು ಮೊಲವನ್ನು ಮುಟ್ಟಿದ ಕೈಯಾಗಿದ್ದರೆ ಮೊದಲು ತೊಳೆದುಕೊಳ್ಳಿ.

ಮೆಲ್ಲಗೆ ಹಲ್ಲು ತಾಗಿಸುವುದು ಬೇರೆ, ರಕ್ತ ಬರುವಂತೆ ಕಚ್ಚುವುದು ಬೇರೆ. ಮೊದಲನೆಯದು “ಸರಿ ಆಚೆ” ಎನ್ನುವ ಮಾತು, ಅದಕ್ಕೆ ಉತ್ತರ ಸರಿಯುವುದೇ. ಪ್ರತಿ ಸಲ ಮೇಲೆ ಬಿದ್ದಾಗ ನೀವು ಬೆಚ್ಚಿ ಕೈ ಕಿತ್ತುಕೊಂಡರೆ ಮೇಲೆ ಬೀಳುವುದೇ ಅದಕ್ಕೆ ಅಭ್ಯಾಸವಾಗುತ್ತದೆ. ದಪ್ಪ ತೋಳಿನ ಅಂಗಿ ತೊಟ್ಟು, ಕೈಯನ್ನು ದೂರದಲ್ಲೇ ನೆಲಕ್ಕೆ ಊರಿ, ಬೆರಳ ಸಂದಿಯಲ್ಲಿ ಒಂದೆಲೆ ಸೊಪ್ಪು ಹಿಡಿದು ಸುಮ್ಮನಿರಿ. ಅದೇ ಬಂದು ತಿನ್ನಲಿ. ದಿನಕ್ಕೆ ಎರಡು ಸಲ, ಐದು ನಿಮಿಷ. ಹೊಡೆಯುವುದು, ಮೂತಿಗೆ ಬಡಿಯುವುದು ಬೇಡವೇ ಬೇಡ. ಒಂದು ಏಟು ತಿಂಗಳುಗಳ ನಂಬಿಕೆಯನ್ನು ಅಳಿಸಿಹಾಕುತ್ತದೆ.

ಹೆಣ್ಣು ಮೊಲ ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಓಡಾಡುತ್ತ, ಎದೆಯ ಕೂದಲು ಕಿತ್ತು ಗೂಡು ಕಟ್ಟುತ್ತಿದ್ದರೆ ಅದು ಗರ್ಭವೋ ಸುಳ್ಳು ಗರ್ಭವೋ ಇರಬೇಕು. ಸುಳ್ಳು ಗರ್ಭ 16–18 ದಿನಗಳಲ್ಲಿ ಮುಗಿಯುತ್ತದೆ. ಆ ಗೂಡನ್ನು ಕೆಡವಬೇಡಿ. ಆ ದಿನಗಳಲ್ಲಿ ಹೊಸದೇನನ್ನೂ ಕಲಿಸಬೇಡಿ. ಮೈಯ ಒಂದು ನಿರ್ದಿಷ್ಟ ಜಾಗ ಮುಟ್ಟಿದಾಗ ಮಾತ್ರ ಕಚ್ಚಿದರೆ ಅಲ್ಲಿ ನೋವಿದೆ. ನೀವು ಹಿಸುಕಿ ಪರೀಕ್ಷಿಸದೆ ವೈದ್ಯರಿಗೆ ಬಿಡಿ. ಕಚ್ಚಿ ಗಾಯವಾದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.

ಎತ್ತಿಕೊಂಡರೆ ಒದ್ದಾಡುತ್ತದೆ

ಬಹುಪಾಲು ಮೊಲಗಳಿಗೆ ನೆಲದಿಂದ ಮೇಲೇರುವುದು ಇಷ್ಟವಿಲ್ಲ. ಹಿಡಿಸಿಕೊಂಡು ಮೇಲೆ ಹೋಗುವುದೆಂದರೆ ಅದರ ರಕ್ತದಲ್ಲಿ ಒಂದೇ ಅರ್ಥ. ಇದನ್ನು “ಸರಿಪಡಿಸಲು” ಪಟ್ಟುಹಿಡಿದವರ ಮೊಲಗಳು ಕೊನೆಗೆ ಕಲಿಯುವುದು ಮನುಷ್ಯರನ್ನು ಕಂಡರೆ ಓಡುವುದನ್ನು.

ಅಪಾಯವೂ ದೊಡ್ಡದು. ಮೊಲದ ಹಿಂಗಾಲಿನ ಸ್ನಾಯು ಬಲಿಷ್ಠ, ಮೂಳೆ ಬಲು ಹಗುರ; ಇಡೀ ಅಸ್ಥಿಪಂಜರ ದೇಹದ ತೂಕದ ನೂರಕ್ಕೆ ಸುಮಾರು 8 ಪಾಲು ಮಾತ್ರ. ಹಿಂಭಾಗಕ್ಕೆ ಆಸರೆಯಿಲ್ಲದಾಗ ಜಾಡಿಸಿ ಒದ್ದರೆ ಅದು ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಲ್ಲದು. ಕಿವಿ ಹಿಡಿದು ಎತ್ತುವುದು ಕ್ರೌರ್ಯ. ಅಂಗಾತ ಮಲಗಿಸಿದಾಗ ಮೊಲ ನಿಶ್ಚಲವಾಗುವುದನ್ನು ಕಂಡು ಸುಖವಾಗಿದೆ ಎಂದು ತಿಳಿಯುವವರಿದ್ದಾರೆ. ಅದು ಭಯದಲ್ಲಿ ಸತ್ತಂತೆ ಬಿದ್ದಿರುವುದು, ಒಳಗೆ ಎದೆ ಹೊಡೆದುಕೊಳ್ಳುತ್ತಿರುತ್ತದೆ.

ಎತ್ತಲೇಬೇಕಾದಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಟ್ಟು ನಿಮ್ಮ ಮೈಗೆ ಒತ್ತಿಕೊಳ್ಳಿ, ಕೂತೇ ಎತ್ತಿ. ಒದ್ದಾಡಿದರೆ ಹಿಡಿತ ಬಿಗಿಗೊಳಿಸುವ ಬದಲು ನೆಲದ ಹತ್ತಿರ ಬಾಗಿ ಇಳಿಸಿಬಿಡಿ. ಕಲಿಸಲು ಯೋಗ್ಯವಾದದ್ದು ಬೇರೆ: ತಾನಾಗಿ ಪೆಟ್ಟಿಗೆಯೊಳಗೆ ಹೋಗುವುದು. ಪ್ರಯಾಣದ ಪೆಟ್ಟಿಗೆಯನ್ನು ಸದಾ ಕೋಣೆಯಲ್ಲೇ ತೆರೆದಿಡಿ, ಒಳಗೆ ಹುಲ್ಲು ಹಾಸಿ, ಮೆಚ್ಚಿನ ತಿನಿಸನ್ನು ಅಲ್ಲೇ ಕೊಡಿ. ಅದು ಅಂಜದೆ ಒಳಹೋಗಿ ಮಲಗುವಂತಾದ ಮೇಲೆ ಒಂದು ಕ್ಷಣ ಬಾಗಿಲು ಮುಚ್ಚಿ ತೆರೆಯಿರಿ. ಮುಚ್ಚುವ ಹೊತ್ತನ್ನು ದಿನದಿಂದ ದಿನಕ್ಕೆ ಹೆಚ್ಚಿಸಿ.

ಬಿದ್ದ ಮೇಲೆ ಹಿಂಗಾಲು ಎಳೆಯುತ್ತಿದ್ದರೆ ಎತ್ತಿ ಮುದ್ದಿಸಬೇಡಿ. ಗಟ್ಟಿ ಹಲಗೆಯಂಥದ್ದರ ಮೇಲೆ ಮೆಲ್ಲನೆ ಜಾರಿಸಿ, ಎರಡು ಬದಿಗೆ ಮಡಿಸಿದ ಬಟ್ಟೆ ಒತ್ತುಕೊಟ್ಟು ಹಾಗೇ ಒಯ್ಯಿರಿ.

ವೈರು ಕಡಿಯುತ್ತದೆ, ಜಮಖಾನ ಕೆರೆಯುತ್ತದೆ

ಮೊಲದ 28 ಹಲ್ಲುಗಳೂ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ 2–3 ಮಿಲಿಮೀಟರ್. ಅದಕ್ಕೆ ಕಡಿಯದೆ ಇರಲಾಗದು, ಯಾವ ತರಬೇತಿಯೂ ಅದನ್ನು ನಿಲ್ಲಿಸದು. ಆದ್ದರಿಂದ ವೈರಿನ ವಿಷಯದಲ್ಲಿ ಕಲಿಸುವ ಪ್ರಯತ್ನವನ್ನೇ ಬಿಟ್ಟು, ಗಟ್ಟಿ ಪ್ಲಾಸ್ಟಿಕ್ ಕೊಳವೆಯೊಳಗೆ ತೂರಿಸಿ ಅಥವಾ ಎಟುಕದಷ್ಟು ಮೇಲೆ ಕಟ್ಟಿ. ವೈರು ಕಚ್ಚಿಕೊಂಡು ಬಿದ್ದಿರುವುದು ಕಂಡರೆ ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಮೊಲವನ್ನು ಮುಟ್ಟಿ. ಎದ್ದು ಓಡಾಡಿದರೂ ವೈದ್ಯರಿಗೆ ತೋರಿಸಬೇಕು. ಬಾಯಿಯ ಸುಟ್ಟಗಾಯ ಮತ್ತು ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು.

ಮೇಜಿನ ಕಾಲು, ಬಾಗಿಲ ಚೌಕಟ್ಟು ಕಡಿಯುತ್ತಿದ್ದರೆ ಬುಟ್ಟಿಯಲ್ಲಿ ಹುಲ್ಲು ಮುಗಿದಿದೆಯೇ ನೋಡಿ. ಹಲವು ಸಲ ಉತ್ತರ ಅಷ್ಟು ಸರಳ. ಅಂಟುಪಟ್ಟಿ ತೆಗೆದ ರಟ್ಟಿನ ಪೆಟ್ಟಿಗೆ, ಔಷಧ ಸಿಂಪಡಿಸದ ಸೇಬಿನ ಮರದ ಕಡ್ಡಿ ಕೊಡಿ. ಕೆರೆಯುವ ಮೊಲಕ್ಕೆ ತನ್ನದೇ ಆದ ಹೊಂಡ ಬೇಕು. ಮೈ ಮುಳುಗುವಷ್ಟು ಆಳದ ಪೆಟ್ಟಿಗೆಯಲ್ಲಿ ಹರಿದ ಕಾಗದ ತುಂಬಿ, ನಡುವೆ ತಿನಿಸು ಹೂತು, ಅದು ಕೆರೆಯುತ್ತಿದ್ದ ಜಾಗದಲ್ಲೇ ಇಡಿ. ಜಮಖಾನದ ಎಳೆಯನ್ನು ಬರೀ ಕೀಳುತ್ತಿದೆಯೋ, ನುಂಗುತ್ತಿದೆಯೋ ಎಂಬುದು ಮುಖ್ಯ. ಕಿತ್ತ ತುಂಡುಗಳು ನೆಲದಲ್ಲಿ ಕಾಣದಿದ್ದರೆ ಹೊಟ್ಟೆಗೆ ಹೋಗಿವೆ. ಜಮಖಾನ ತೆಗೆದು, ಹಿಕ್ಕೆಯ ಮೇಲೆ ಕಣ್ಣಿಡಿ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ.

ರಾತ್ರಿಯಿಡೀ ಗೂಡಿನ ಸರಳು ಕಡಿದು ಸದ್ದು ಮಾಡುವುದೂ ಹೆಚ್ಚಾಗಿ ಜಾಗದ ಕೊರತೆಯಿಂದ. ದಿನಕ್ಕೆ ಮೂರು ನಾಲ್ಕು ಗಂಟೆಯಾದರೂ ಓಡಲು ಬಿಡಿ, ಅದೂ ಅದು ಸಹಜವಾಗಿ ಚುರುಕಾಗಿರುವ ಮುಂಜಾವು ಮತ್ತು ಮುಸ್ಸಂಜೆಯಲ್ಲಿ. ಕಡಿಯುತ್ತಿರುವಾಗಲೇ ಎದ್ದು ಬಾಗಿಲು ತೆಗೆದರೆ ಕಡಿದರೆ ಬಾಗಿಲು ತೆರೆಯುತ್ತದೆ ಎಂದು ಕಲಿಯುತ್ತದೆ. ಸದ್ದು ನಿಂತ ಮೇಲೆ ತೆರೆಯಿರಿ.

ಕರೆದರೆ ಬರುವುದಿಲ್ಲ, ತಿನಿಸಿಗೂ ಒಲಿಯುವುದಿಲ್ಲ

ಮೊಲ ಹೆಸರು ಕಲಿಯುತ್ತದೆ, ಕರೆದರೆ ಓಡಿಬರುತ್ತದೆ, ಕಡ್ಡಿಯ ತುದಿಯನ್ನು ಮೂತಿಯಿಂದ ಮುಟ್ಟು ಎಂದರೆ ಮುಟ್ಟುತ್ತದೆ. ಬಾರದಿದ್ದರೆ ಮೊದಲು ಗಡಿಯಾರ ನೋಡಿ. ನಡುಮಧ್ಯಾಹ್ನ ಅದರ ನಿದ್ದೆಯ ಹೊತ್ತು. ಆಮೇಲೆ ನಿಮ್ಮ ಕೈಯ ವೇಗ. ಬಂದ ಕ್ಷಣಕ್ಕೂ ತಿನಿಸು ಸಿಗುವ ಕ್ಷಣಕ್ಕೂ ನಡುವೆ ಒಂದು ಸೆಕೆಂಡಿಗಿಂತ ಹೆಚ್ಚು ಕಳೆದರೆ ಯಾವುದಕ್ಕೆ ಬಹುಮಾನ ಬಂತೆಂದು ಅದಕ್ಕೆ ಹೊಳೆಯದು. ಡಬ್ಬಿ ಹುಡುಕುತ್ತ ನಿಂತವರ ಮೊಲ ಕಲಿಯುವುದು ನಿಧಾನ. ನಾಲಗೆಯಿಂದ ಒಂದು ಟಕ್ ಸದ್ದು ಮಾಡಿ ಒಡನೆ ತಿನಿಸು ಕೊಡುವುದನ್ನು ರೂಢಿಸಿದರೆ ಆ ಸದ್ದೇ “ಸರಿ” ಎಂಬ ಮಾತಾಗುತ್ತದೆ. ತಿನಿಸು ಕಿರುಬೆರಳಿನ ಉಗುರಿನ ಅರ್ಧದಷ್ಟು ಸಾಕು. ಬಾಳೆಹಣ್ಣು, ಸೇಬು ಇಷ್ಟಕ್ಕಿಂತ ಹೆಚ್ಚು ಹೋದರೆ ಕರುಳು ಕೆಡುತ್ತದೆ. ಒಂದು ಪಾಠ ಐದು ನಿಮಿಷ ಮೀರದಿರಲಿ.

ನೆಲವನ್ನು ಮರೆಯುವವರೇ ಹೆಚ್ಚು. ನಾಯಿ ಬೆಕ್ಕುಗಳಂತೆ ಮೊಲಕ್ಕೆ ಅಂಗಾಲಿನ ಮೆತ್ತೆ ಇಲ್ಲ, ಪಾದದಡಿ ಇರುವುದು ಕೂದಲು. ನುಣುಪು ಟೈಲ್ಸಿನ ಮೇಲೆ ಅದು ಜಾರುತ್ತದೆ. ಕರೆದಾಗ ಚಾಪೆಯ ಅಂಚಿನವರೆಗೆ ಬಂದು, ಕತ್ತು ಮುಂದೆ ಚಾಚಿ, ಹಿಂದಿನ ಪಾದ ಚಾಪೆಯಲ್ಲೇ ಊರಿ ನಿಂತುಬಿಡುವ ಮೊಲ ಒಲ್ಲೆ ಎನ್ನುತ್ತಿಲ್ಲ, ಅಂಜುತ್ತಿದೆ. ನೀವು ಕೂರುವ ಜಾಗದವರೆಗೆ ಚಾಪೆ ಹಾಸಿ ಮತ್ತೆ ಕರೆಯಿರಿ.

ಅದೂ ಅಲ್ಲದಿದ್ದರೆ ಕಿವಿ ಕೇಳುತ್ತಿದೆಯೇ ಪರೀಕ್ಷಿಸಿ. ಹಿಂದೆ ಕಾಣದಂತೆ ನಿಂತು ಕಾಗದ ಮೆಲ್ಲನೆ ಸರಬರ ಮಾಡಿ, ಕಿವಿ ತಿರುಗಬೇಕು. ಕಿವಿ ಜೋತುಬಿದ್ದ ತಳಿಗಳಲ್ಲಿ ಒಳಗೆ ಸೋಂಕು ಹೆಚ್ಚು. ಕಿವಿ ತಿರುಗದಿದ್ದರೆ, ತಲೆ ಕೊಡವುತ್ತಿದ್ದರೆ, ವಾಸನೆ ಬರುತ್ತಿದ್ದರೆ ಹತ್ತಿಕಡ್ಡಿ ಹಾಕದೆ ವೈದ್ಯರಿಗೆ ತೋರಿಸಿ.

ಇನ್ನೊಂದು ಸಂಗತಿಯನ್ನು ಎಷ್ಟು ಹೇಳಿದರೂ ಕಡಿಮೆಯೇ. ಪ್ರಾಣ ಕೊಡುವಷ್ಟು ಇಷ್ಟಪಡುತ್ತಿದ್ದ ತಿನಿಸನ್ನು ಮೂಸಿ ಮುಖ ತಿರುಗಿಸಿದರೆ ಅದು ಕಾಯಿಲೆಯ ಮೊದಲ ಸುಳಿವು. ಬಾಯಿಗೆ ತೆಗೆದುಕೊಂಡು ಬೀಳಿಸುತ್ತಿದೆಯೇ, ಗದ್ದ ಒದ್ದೆಯಾಗಿದೆಯೇ, ಹುಲ್ಲು ಬಿಟ್ಟು ಮೆತ್ತನೆಯದನ್ನೇ ಆರಿಸುತ್ತಿದೆಯೇ ನೋಡಿ. ಹಾಗಿದ್ದರೆ ದವಡೆಹಲ್ಲು ಅಡ್ಡ ಬೆಳೆದು ನಾಲಗೆಗೋ ಕೆನ್ನೆಗೋ ಚುಚ್ಚುತ್ತಿರಬಹುದು. ಅದು ಹೊರಗಿನಿಂದ ಕಾಣುವುದಿಲ್ಲ, ವೈದ್ಯರು ಉಪಕರಣ ಹಾಕಿಯೇ ನೋಡಬೇಕು. ಬಾಚಿಹಲ್ಲು ಉದ್ದವಾಗಿದ್ದರೂ ಮನೆಯಲ್ಲಿ ಉಗುರು ಕತ್ತರಿಯಿಂದ ಕತ್ತರಿಸಬೇಡಿ, ಬುಡದವರೆಗೆ ಸೀಳಿಹೋಗುತ್ತದೆ.

ವೈದ್ಯರ ಬಳಿ ಹೋಗುವಾಗ

ಮೊಲಗಳನ್ನು ನೋಡಿ ರೂಢಿಯಿರುವ ಪಶುವೈದ್ಯರು ಯಾರೆಂದು ತೊಂದರೆ ಬರುವ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಹೋಗುವ ದಿನ ಮೊಲವನ್ನು ಉಪವಾಸ ಇರಿಸಬೇಡಿ. ಅರಿವಳಿಕೆ ಕೊಡುವುದಿದ್ದರೂ ಮೊಲಕ್ಕೆ ಹುಲ್ಲು ನಿಲ್ಲಿಸುವ ಅಗತ್ಯವಿಲ್ಲ. ಪೆಟ್ಟಿಗೆಯಲ್ಲಿ ಜಾರದ ಬಟ್ಟೆ ಹಾಸಿ, ಹುಲ್ಲು ಹಾಕಿ, ಮೇಲೊಂದು ತೆಳು ಬಟ್ಟೆ ಹೊದಿಸಿ. ಸೆಖೆಯಿದ್ದರೆ ತಂಪು ಹೊತ್ತಿನಲ್ಲಿ ಹೊರಡಿ. ಮೊಲ ಬೆವರುವುದಿಲ್ಲ, ಕಿವಿಯ ಮೂಲಕವೇ ಶಾಖ ಬಿಡುತ್ತದೆ. 30 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ.

ಬೆಳಗಿನ ಹಿಕ್ಕೆಯನ್ನು ಒಂದು ಮುಚ್ಚಳದ ಡಬ್ಬಿಯಲ್ಲಿ ಒಯ್ಯಿರಿ. ಪರೀಕ್ಷೆಯ ಮೇಜಿನ ಮೇಲೆ ಭಯದಿಂದ ಕಲ್ಲಾಗಿ ಕೂರುವ ಮೊಲ ತನ್ನ ತೊಂದರೆ ತೋರಿಸುವುದಿಲ್ಲ. ಅದಕ್ಕೆ ಮನೆಯಲ್ಲಿ ಅದು ನಡೆಯುವ, ತಿನ್ನುವ, ಟ್ರೇ ಏರುವ ಒಂದೆರಡು ನಿಮಿಷದ ವಿಡಿಯೋವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ನೆಲಮಟ್ಟದಲ್ಲಿ ಹಿಡಿದು, ಹಿಂಗಾಲು ಕಾಣುವಂತೆ.